ಕಪಿಲೆ ಅಂದ್ರೆ ಇಲ್ಲಿ ನದಿಯಲ್ಲ, ಹಸು: ತೀರ್ಥಸ್ನಾನದ ಶಾಸನಗಳನ್ನು ನಾವು ಓದುವ ರೀತಿ

2025ರ ಫೆಬ್ರವರಿ 10ರಿಂದ 12ರವರೆಗೆ ತಿರುಮಕೂಡಲು ನರಸೀಪುರದಲ್ಲಿ ಕುಂಭಮೇಳ ನಡೆಯಿತಲ್ಲ, ಆ ವಾರ ನನ್ನ ಫೋನಿಗೆ ಒಂದೇ ಚಿತ್ರ ಮತ್ತೆ ಮತ್ತೆ ಬಂತು. ಅರ್ಧ ಮಣ್ಣಲ್ಲಿ ಹೂತ ಒಂದು ಕಲ್ಲು. ತಲೆಭಾಗದಲ್ಲಿ ನಡುವೆ ಲಿಂಗ, ಎಡಬಲಕ್ಕೆ ಸೂರ್ಯ ಚಂದ್ರ, ಪಕ್ಕದಲ್ಲಿ ಕರುವಿಗೆ ಹಾಲುಣಿಸುವ ಹಸು. ಅದರ ಕೆಳಗೆ ಯಾರೋ ಬರೆದ ಒಕ್ಕಣೆ: ಹರದನಹಳ್ಳಿ ಸೀಮೆಯ ಈ ಶಾಸನ ನಮ್ಮ ಕಪಿಲಾ ನದಿಯನ್ನು ಗಂಗೆಗೆ ಸಮ ಎನ್ನುತ್ತದೆ, ಸೂರ್ಯ ಚಂದ್ರರು ಕುಂಭಯೋಗದ ಗುರುತು, ಆದ್ದರಿಂದ ನಮ್ಮ ಕುಂಭಮೇಳಕ್ಕೆ ಸಾವಿರ ವರ್ಷದ ಇತಿಹಾಸ.

ಕಳಿಸಿದವರಲ್ಲಿ ಈ ಬ್ಲಾಗಿನ ಓದುಗರೂ ಇದ್ದರು. "ಸರ್, ಇದು ನಿಜಾನಾ?" ಅಂತ ಕೇಳಿದವರು ಇಬ್ಬರು ಮಾತ್ರ. ಉಳಿದವರು ಕೈಮುಗಿದ ಚಿಹ್ನೆ ಹಾಕಿ ಮುಂದಕ್ಕೆ ಕಳಿಸಿದ್ದರು.

ಉತ್ತರ ಬರೆಯೋಕೆ ಕೂತಾಗ ನನಗೆ ನಾಚಿಕೆಯಾಯಿತು. ಆ ಒಕ್ಕಣೆಯ ಒಂದು ವಾಕ್ಯ ನನ್ನದೇ. ಕೆಲವು ವರ್ಷಗಳ ಹಿಂದೆ ಒಂದು ಟಿಪ್ಪಣಿಯಲ್ಲಿ, ಶಾಪಾಶಯದಲ್ಲಿ ಬರುವ ಗಂಗೆಯ ಮಾತನ್ನು ಹಿಡಿದು, "ನದೀಸ್ನಾನದ ಹಬ್ಬಗಳಿಗೆ ನಮ್ಮ ಶಾಸನಗಳೇ ಸಾಕ್ಷಿ" ಅಂತ ಬರೆದುಬಿಟ್ಟಿದ್ದೆ. ಓದಲು ಚೆನ್ನಾಗಿತ್ತು, ಆಧಾರ ಇರಲಿಲ್ಲ. ಹಾಗಾಗಿ ಈ ಲೇಖನ ಬೇರೆಯವರ ತಪ್ಪಿನ ಮೇಲಿನ ಟೀಕೆ ಎಷ್ಟೋ, ನನ್ನ ತಪ್ಪಿನ ಮೇಲಿನದೂ ಅಷ್ಟೇ.

ಮೂರು ತಪ್ಪು ಓದು

ಮೊದಲು ಸೂರ್ಯ ಚಂದ್ರ. ಕರ್ನಾಟಕದ ದತ್ತಿ ಶಾಸನಗಳಲ್ಲಿ ಈ ಜೋಡಿ ಎಲ್ಲೆಲ್ಲೂ ಇದೆ. ಅದು ಯಾವ ಗ್ರಹಯೋಗವನ್ನೂ ಸೂಚಿಸುವುದಿಲ್ಲ. "ಆಚಂದ್ರಾರ್ಕ", ಅಂದ್ರೆ ಸೂರ್ಯ ಚಂದ್ರ ಇರುವವರೆಗೆ ಈ ದಾನ ನಡೆಯಲಿ ಅನ್ನೋದರ ಚಿತ್ರರೂಪ ಅದು. ಅಕ್ಷರ ಬಾರದವನೂ ಕಲ್ಲನ್ನು ನೋಡಿ ತಿಳಿಯಲಿ ಅಂತ ಕೆತ್ತಿದ್ದು. ಈ ಗುರುತನ್ನು ಕುಂಭಯೋಗ ಅಂದರೆ ಬಸದಿಗೆ ಬಿಟ್ಟ ದತ್ತಿ, ಕೆರೆಗೆ ಬಿಟ್ಟ ದತ್ತಿ, ಸತ್ತ ವೀರನ ಮನೆಯವರಿಗೆ ಬಿಟ್ಟ ಹೊಲ ಎಲ್ಲವೂ ಕುಂಭಮೇಳದ ಶಾಸನಗಳಾಗಿಬಿಡುತ್ತವೆ.

ಎರಡನೆಯದು ಕಪಿಲೆ. ಇದು ನಮ್ಮ ಕಡೆಯವರು ಸುಲಭವಾಗಿ ಎಡವುವ ಜಾಗ. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರದವರಿಗೆ ಕಪಿಲೆ ಅಂದ ಕೂಡಲೇ ಕಬಿನಿ ಹೊಳೆಯೇ ಕಣ್ಣ ಮುಂದೆ ಬರುತ್ತದೆ. ಆದರೆ ವಿಜಯನಗರ ಕಾಲದ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಕಪಿಲೆ ಹಸು. ಈ ಧರ್ಮವನ್ನು ಕೆಡಿಸಿದವರಿಗೆ ಗಂಗೆಯ ದಡದಲ್ಲಿ ಕಪಿಲೆಯನ್ನು ಕೊಂದ ಪಾಪ ಬರುತ್ತದೆ ಅನ್ನೋದು ಆ ಮಾತಿನ ತಾತ್ಪರ್ಯ. ಹಿಂದಿನ ಶತಮಾನಗಳ ಶಾಸನಗಳಲ್ಲಿ ಇದೇ ಮಾತು ವಾರಣಾಸಿ, ಕುರುಕ್ಷೇತ್ರಗಳ ಹೆಸರಿನೊಂದಿಗೆ, ಸಾವಿರ ಕವಿಲೆಗಳ ಲೆಕ್ಕದೊಂದಿಗೆ ಬರುತ್ತದೆ. ಕವಿಲೆ, ಕಪಿಲೆ ಎರಡೂ ಒಂದೇ. ಎರಡು ನದಿಗಳನ್ನು ಹೋಲಿಸುವ ಪ್ರಶ್ನೆಯೇ ಅಲ್ಲಿಲ್ಲ. ಅದು ಬೆದರಿಕೆ, ಸ್ತುತಿಯಲ್ಲ.

ಮೂರನೆಯದು ಇನ್ನೂ ಸರಳ. ಆ ಚಿತ್ರದ ಜೊತೆ ಶಾಸನದ ಸಂಖ್ಯೆ ಇಲ್ಲ, ಸಾಲಿನ ಪಾಠ ಇಲ್ಲ, ಯಾವ ಊರಿನ ಯಾವ ಹೊಲ ಅನ್ನೋದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1898ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ತಂದಿತು. ತಾಲ್ಲೂಕಿನ ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ, ಅಷ್ಟು ಕೊಟ್ಟರೆ ಯಾರು ಬೇಕಾದರೂ ತೆರೆದು ನೋಡಬಹುದು. ಸಂಖ್ಯೆ ಇಲ್ಲದ ಶಾಸನ ವಿಳಾಸ ಇಲ್ಲದ ಕಾಗದದ ಹಾಗೆ. ಯಾರ ಮನೆಗೆ ಬೇಕಾದರೂ ತಲುಪಿಸಬಹುದು.

ಹರದನಹಳ್ಳಿಯಲ್ಲಿ ಒಂದು ಪ್ರಶ್ನೆ

ಸುಮ್ಮನೆ ಮನೆಯಲ್ಲಿ ಕೂತು ತಿದ್ದುವುದು ಸರಿ ಕಾಣಲಿಲ್ಲ. ಮಾರ್ಚ್‌ನಲ್ಲಿ ಒಂದು ದಿನ ಚಾಮರಾಜನಗರದ ಬಸ್ ಹತ್ತಿ, ಅಲ್ಲಿಂದ ಸತ್ಯಮಂಗಲದ ದಾರಿಯಲ್ಲಿರುವ ಹರದನಹಳ್ಳಿಗೆ ಹೋದೆ. "ಹರದ" ಅಂದ್ರೆ ಹಳಗನ್ನಡದಲ್ಲಿ ವ್ಯಾಪಾರಿ. ಘಟ್ಟ ಇಳಿದು ಕೊಂಗುನಾಡಿಗೆ ಹೋಗುವ ದಾರಿ ಇದು ಅನ್ನೋದು ನೆನಪಿದ್ದರೆ ಊರಿನ ಹೆಸರು ಬಾಯಲ್ಲಿ ಬೇರೆ ಥರ ಕೇಳಿಸುತ್ತದೆ. ದಿವ್ಯಲಿಂಗೇಶ್ವರನ ದೇವಸ್ಥಾನ ಊರಿಗೆ ದೊಡ್ಡದು. ಅನಿಲೇಶ್ವರ ಅಂತಲೂ ಹೆಸರುಂಟು.

ಕಲ್ಲಿನ ಮೇಲೆ ಓರೆ ಬಿಸಿಲು ಬೀಳಲಿ ಅಂತ ಸಂಜೆವರೆಗೂ ಕಾದು ಕೂತಿದ್ದೆ. ಹೂವು ಕಟ್ಟುತ್ತಾ ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ ಕೇಳಿದರು.

"ಏನಂತ ಬರ್ದದಪ್ಪ ಈ ಕಲ್ಗಳಲ್ಲಿ?"

"ಹೆಚ್ಚಾಗಿ ದೇವರಿಗೆ ಭೂಮಿ ಬಿಟ್ಟ ಲೆಕ್ಕ ಅವ್ವ."

"ಹಂಗಾರ ಆ ಭೂಮಿ ಈಗ ಎಲ್ಲದ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಶಾಸನ ಓದಿದವನು ನಾನು. ತೇದಿ ಎಷ್ಟು, ರಾಜ ಯಾರು, ಲಿಪಿ ಯಾವ ಕಾಲದ್ದು ಅಂತೆಲ್ಲ ಕೇಳಿದ್ದೇನೆ, ಕೇಳಿಸಿಕೊಂಡಿದ್ದೇನೆ. ಕಲ್ಲು ನಿಜವಾಗಿ ಹೇಳಲು ಹೊರಟ ವಿಷಯದ ಬಗ್ಗೆ ನೇರವಾಗಿ ಕೇಳಿದ್ದು ಆ ಅಜ್ಜಿಯೇ. ಆ ಚಿತ್ರವನ್ನು ಹಂಚಿದ ನೂರಾರು ಜನರಲ್ಲಿ ಒಬ್ಬರಿಗೂ ಈ ಪ್ರಶ್ನೆ ಬಂದಿರಲಿಕ್ಕಿಲ್ಲ.

ಕಲ್ಲು ನದಿಯನ್ನು ಎಲ್ಲಿ ಕರೆಯುತ್ತದೆ?

ದತ್ತಿ ಶಾಸನವೊಂದರ ಕಟ್ಟು ನಿಮಗೆ ಗೊತ್ತೇ ಇದೆ. ಸ್ವಸ್ತಿ, ರಾಜನ ಬಿರುದು, ಕಾಲ, ದಾನ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಕೊನೆಗೆ ಶಾಪ. ಇದರೊಳಗೆ ನದಿ, ತೀರ್ಥ, ನೀರು ಬರುವುದು ನಾಲ್ಕು ಕಡೆ.

ಒಂದು, ಕಾಲದಲ್ಲಿ. ಉತ್ತರಾಯಣ ಸಂಕ್ರಮಣ, ಸೂರ್ಯಗ್ರಹಣ, ಚಂದ್ರಗ್ರಹಣ, ವ್ಯತೀಪಾತ. ಇವೇ ಜನ ಹೊಳೆಗೆ ಇಳಿಯುವ ಪುಣ್ಯಕಾಲಗಳು. ಶಾಸನ "ಸ್ನಾನ ಮಾಡಿದರು" ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ಆ ಕಾಲದಲ್ಲಿ ಕೊಟ್ಟರು ಅನ್ನುತ್ತದೆ.

ಎರಡು, ಸಾಕ್ಷಿಯಲ್ಲಿ. ವಿಜಯನಗರದ ಎಷ್ಟೋ ತಾಮ್ರಪಟಗಳು ತುಂಗಭದ್ರೆಯ ದಡದಲ್ಲಿ, ವಿರೂಪಾಕ್ಷನ ಸನ್ನಿಧಿಯಲ್ಲಿ ಕೊಟ್ಟ ದಾನವನ್ನು ದಾಖಲಿಸುತ್ತವೆ. ಕೊಟ್ಟ ಹಳ್ಳಿ ನೂರಾರು ಮೈಲಿ ದೂರದ್ದಿರಬಹುದು. ಮಾತು ಕೊಡುವಾಗ ನದಿ ಎದುರಿಗಿರಬೇಕು.

ಮೂರು, ಕೊಡುವ ಕ್ರಿಯೆಯಲ್ಲಿ. "ಧಾರಾಪೂರ್ವಕ" ಅನ್ನೋ ಪದವನ್ನು ನಾವು ಓದುತ್ತಾ ಓದುತ್ತಾ ಹಾರಿಸಿಬಿಡುತ್ತೇವೆ. ಪಡೆಯುವವನ ಕೈ ಮೇಲೆ ನೀರು ಎರೆದು ಕೊಟ್ಟರು ಅಂತ ಅದರ ಅರ್ಥ. ಮದುವೆಯಲ್ಲಿ ಇಂದಿಗೂ ಧಾರೆ ಎರೆಯುತ್ತೇವಲ್ಲ, ಅದೇ. ನೀರು ಬಿದ್ದ ಮೇಲೆ ಕೊಟ್ಟದ್ದು ಕೊಟ್ಟಾಯಿತು. ಹೊಳೆ ಅಷ್ಟೂ ಆ ಒಂದು ಬೊಗಸೆ ನೀರಲ್ಲಿ ಬಂದು ನಿಂತಿರುತ್ತದೆ.

ನಾಲ್ಕು, ಕಾವಲಲ್ಲಿ. ಗಂಗೆಯ ದಡದ ಕಪಿಲೆ ಬರುವುದು ಇಲ್ಲಿ. ಜೀವಮಾನದಲ್ಲಿ ಕಾಶಿ ನೋಡದ ಗೌಡ, ಸೇನಬೋವ, ಒಕ್ಕಲು ಮಕ್ಕಳಿಗೆ ಗಂಗೆ ಪರಿಚಯವಾಗಿದ್ದು ಎಷ್ಟೋ ಸಲ ಹೊಲದ ಬದುವಿನ ಈ ಶಾಪದ ಮೂಲಕ. ದೂರದ ಗಂಗೆಯನ್ನು ಕರೆದು ತಂದು ಊರ ಗದ್ದೆಗೆ ಕಾವಲು ಕೂರಿಸಿದ್ದಾರೆ.

ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ. ಕಲ್ಲಿನ ಮಟ್ಟಿಗೆ ತೀರ್ಥ ಅನ್ನೋದು ಕೊಡುವುದಕ್ಕೆ ಕಾಲ, ಸಾಕ್ಷಿ, ಕ್ರಿಯೆ ಮತ್ತು ಕಾವಲು. ಮಿಂದು ಎದ್ದರೆ ಪಾಪ ಹೋಯಿತು ಅನ್ನೋ ಅರ್ಧ ನಮ್ಮ ಬಾಯಲ್ಲಿ ಉಳಿದಿದೆ. ಮಿಂದ ಕೈಯಲ್ಲೇ ಏನನ್ನಾದರೂ ಬಿಟ್ಟುಕೊಡಬೇಕು, ಬಿಟ್ಟದ್ದನ್ನು ಮುಂದಿನವರು ಕಾಯಬೇಕು ಅನ್ನೋ ಇನ್ನರ್ಧ ಕಲ್ಲಿನಲ್ಲೇ ಉಳಿದುಹೋಗಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮುಳುಗುವುದಕ್ಕೆ ಯಾರೂ ಶಾಸನ ಹಾಕಿಸುವುದಿಲ್ಲ. ಭೂಮಿ ಕೈ ಬದಲಾದಾಗ ದಾಖಲೆ ಬೇಕು. ಆದ್ದರಿಂದ ಕಲ್ಲಿನಲ್ಲಿ ಜಾತ್ರೆಯ ಸುದ್ದಿ ಇಲ್ಲ ಅಂದ ಮಾತ್ರಕ್ಕೆ ಜಾತ್ರೆಯೇ ಇರಲಿಲ್ಲ ಅನ್ನೋದೂ ತಪ್ಪು. ಶಾಸನದ ಮೌನವನ್ನು ನಮ್ಮ ಇಷ್ಟಕ್ಕೆ ಮಾತಾಡಿಸಬಾರದು, ಎರಡೂ ಕಡೆಯವರು.

ಪುಣ್ಯಕಾಲದ ಲೆಕ್ಕ

ಸಂಕ್ರಮಣದ ಉಲ್ಲೇಖಗಳು ಇನ್ನೊಂದು ಕಾರಣಕ್ಕೂ ಮುಖ್ಯ. ಹನ್ನೆರಡನೇ ಶತಮಾನದ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣವನ್ನು ಲೆಕ್ಕ ಹಾಕಿದರೆ ಅದು ಡಿಸೆಂಬರ್ 24, 25ರ ಸುಮಾರಿಗೆ ಬರುತ್ತದೆ. ಈಗ ಜನವರಿ 14, 15. ಹಬ್ಬ ಜಾರಿತೇ? ಒಂದಷ್ಟು ದಿನದ ವ್ಯತ್ಯಾಸ ಆಗ ಬಳಸುವ ಜೂಲಿಯನ್ ಕ್ಯಾಲೆಂಡರಿಗೂ ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿಗೂ ಇರುವ ಅಂತರ. ಉಳಿದದ್ದು ನಮ್ಮ ಪಂಚಾಂಗದ ಸೌರವರ್ಷ ನಕ್ಷತ್ರಗಳನ್ನು ಹಿಡಿದು ನಡೆಯುವುದರಿಂದ ಆದದ್ದು. ಅದು ಋತುವರ್ಷಕ್ಕಿಂತ ತುಸು ಉದ್ದ, ಹಾಗಾಗಿ ಸುಮಾರು 60, 70 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ.

ಸ್ಯೂಯೆಲ್ ಮತ್ತು ದೀಕ್ಷಿತರು 1896ರಲ್ಲಿ ಕೊಟ್ಟ ಕೋಷ್ಟಕಗಳು, ಆಮೇಲೆ ಸ್ವಾಮಿಕಣ್ಣು ಪಿಳ್ಳೆ ಅವರ ಪಂಚಾಂಗ ಸಂಪುಟಗಳು ಇಂಥ ತೇದಿಗಳನ್ನು ಒರೆಗೆ ಹಚ್ಚುವ ಸಾಧನ. ಹಚ್ಚಿ ನೋಡಿದಾಗ ಕೆಲವು ಶಾಸನಗಳಲ್ಲಿ ತಿಥಿ ವಾರ ಕೂಡುವುದಿಲ್ಲ, ಕೆಲವು ಹೇಳುವ ಗ್ರಹಣ ಭಾರತದಲ್ಲಿ ಕಂಡಿರಲಾರದು. ಇಲ್ಲಿ "ಖೋಟಾ ಶಾಸನ" ಅಂತ ಕೂಗುವ ಮುಂಚೆ ಯೋಚಿಸಬೇಕು. ಗ್ರಹಣವನ್ನು ಕಣ್ಣಲ್ಲಿ ನೋಡಿ ದಾನ ಕೊಟ್ಟರೋ, ಪಂಚಾಂಗ ಹೇಳಿತು ಅಂತ ಕೊಟ್ಟರೋ? ದಾನ ನಡೆದದ್ದು ಒಂದು ದಿನ, ಕಲ್ಲು ಕೆತ್ತಿಸಿದ್ದು ಇನ್ನೆಷ್ಟೋ ತಿಂಗಳ ಮೇಲೆ ಇರಬಹುದಲ್ಲವೇ? ಪುಣ್ಯಕಾಲ ಆಕಾಶದ ಘಟನೆ ಎಷ್ಟೋ, ಜೋಯಿಸರ ಗಣಿತವೂ ಅಷ್ಟೇ. ಇವತ್ತಿನ ಮೇಳಗಳ "ಶಾಹಿ ಸ್ನಾನ"ದ ಮುಹೂರ್ತವೂ ಅದೇ ದಾರಿಯಲ್ಲಿ ಬರುತ್ತದೆ.

ಹೊಸದಾದರೆ ಏನು?

ಈಗ ಕುಂಭಮೇಳದ ವಿಷಯ. ತಿರುಮಕೂಡಲು ನರಸೀಪುರದಲ್ಲಿ ಕುಂಭಮೇಳ ಶುರುವಾದದ್ದು 1989ರಲ್ಲಿ. ಮೂರು ವರ್ಷಕ್ಕೊಮ್ಮೆ ಮಾಘದಲ್ಲಿ ನಡೆಯಬೇಕೆಂಬ ಏರ್ಪಾಡು. 2019ರ ನಂತರ ಕೋವಿಡ್‌ನಿಂದಾಗಿ ತಪ್ಪಿ, 2025ರಲ್ಲಿ ಮತ್ತೆ ನಡೆಯಿತು. ಮೇಳವನ್ನು ಕಣ್ಣಾರೆ ಶುರುವಾಗಿದ್ದು ನೋಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಸಾವಿರ ವರ್ಷ ಅನ್ನೋದು ಎಲ್ಲಿಂದ ಬಂತು?

ಪ್ರಯಾಗದ ಬಗ್ಗೆಯೇ ಇತಿಹಾಸಕಾರ್ತಿ ಕಾಮಾ ಮೆಕ್ಲೀನ್ 2003ರಲ್ಲಿ ಬರೆದ ಪ್ರಬಂಧ ದೊಡ್ಡ ಚರ್ಚೆಗೆ ಕಾರಣವಾಯಿತು. ಅಲ್ಲಿ ಮಾಘಮೇಳ ಹಳೆಯದು, ಆದರೆ ಹನ್ನೆರಡು ವರ್ಷದ "ಕುಂಭ" ಅನ್ನೋ ರೂಪ 1857ರ ನಂತರದ ದಶಕಗಳಲ್ಲಿ ಗಟ್ಟಿಯಾಯಿತು ಅನ್ನೋದು ಅವರ ವಾದ. ಒಪ್ಪಬಹುದು, ಬಿಡಬಹುದು. ಆದರೆ ಅವರು ದಾಖಲೆ ಇಟ್ಟು ಮಾತಾಡಿದ್ದಾರೆ, ಉತ್ತರಿಸುವವರೂ ದಾಖಲೆ ಇಟ್ಟೇ ಮಾತಾಡಬೇಕು. ಏಳನೇ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಪ್ರಯಾಗದಲ್ಲಿ ಕಂಡದ್ದನ್ನು ಕುಂಭದ ಆಧಾರವಾಗಿ ಎಲ್ಲರೂ ಉದಾಹರಿಸುತ್ತಾರೆ. ಅವನು ಮುಖ್ಯವಾಗಿ ವರ್ಣಿಸುವುದು ಏನನ್ನು? ಹರ್ಷ ಐದು ವರ್ಷಕ್ಕೊಮ್ಮೆ ಸಂಗಮದ ಬಯಲಲ್ಲಿ ಬೊಕ್ಕಸ ಬರಿದಾಗುವ ತನಕ ಕೊಟ್ಟದ್ದನ್ನು. ಅಲ್ಲೂ ದಾನವೇ!

ನರಸೀಪುರದಲ್ಲಿ ಹಳೆಯದು ಬೇರೆ ಇದೆ. ಊರ ಹೆಸರೇ ಸಾಕ್ಷಿ. "ಕೂಡಲು" ಅಂದ್ರೆ ಹೊಳೆಗಳು ಸೇರುವ ಜಾಗ. ತಿರುಮುಕ್ಕೂಡಲು, ಮೂರು ಕೂಡುವ ಪುಣ್ಯಸ್ಥಳ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ಎದುರು ದಡದಲ್ಲಿರುವ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ. ಕಾಶಿಗಿಂತ ಒಂದು ಗುಲಗಂಜಿ ತೂಕ ಈ ಕ್ಷೇತ್ರ ಹೆಚ್ಚು ಅಂತ ಸ್ಥಳಪುರಾಣ. ಎಷ್ಟು ಹದವಾದ ಹೆಮ್ಮೆ ನೋಡಿ! ಒಂದೇ ಗುಲಗಂಜಿ. ಈ ಹೆಮ್ಮೆ ಸಾವಿರ ವರ್ಷದ ಸುಳ್ಳು ಪ್ರಮಾಣಪತ್ರ ಕೇಳುವುದಿಲ್ಲ.

ಹೊಸ ಹಬ್ಬ ಅನ್ನೋದು ಅವಮಾನವಲ್ಲ. ಎಲ್ಲ ಹಬ್ಬವೂ ಒಂದು ದಿನ ಹೊಸದೇ. 1989ರಲ್ಲಿ ಹುಟ್ಟಿದ ಮೇಳವನ್ನು 1989ರ ಮೇಳ ಅಂತಲೇ ಕರೆದು, ಅದು ಹಳೆಯ ಸಂಗಮದ ಮೇಲೆ ಏನನ್ನು ಕಟ್ಟಿತು ಅಂತ ಕೇಳುವುದು ಪ್ರಾಮಾಣಿಕತೆ.

ನೀರಿನ ಬಗ್ಗೆ ಒಂದೇ ದನಿ ಇಲ್ಲ

ಹರದನಹಳ್ಳಿಯನ್ನು ಸಾಕ್ಷಿಗೆ ಕರೆದವರಿಗೆ ಆ ಊರಿನ ಇನ್ನೊಂದು ಪರಂಪರೆ ಮರೆತುಹೋಗಿದೆ. ಗೋಸಲ ಚನ್ನಬಸವೇಶ್ವರರ ಊರು ಇದು. ಅವರ ಶಿಷ್ಯ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದೂ ಇಲ್ಲೇ. ಮುಂದೆ ನಾಗಿನಿ ಹೊಳೆಯ ಕಗ್ಗೆರೆಯಲ್ಲಿ ತಪಸ್ಸು ಮಾಡಿ, ಎಡಿಯೂರಿನಲ್ಲಿ ನೆಲೆಯಾದವರು. ಅವರು ಬೆಳಗಿಸಿದ ವಚನ ಪರಂಪರೆ ನೀರು ಕಂಡಲ್ಲೆಲ್ಲ ಮುಳುಗುವ ಭಕ್ತಿಯನ್ನು ಕಟುವಾಗಿ ಪ್ರಶ್ನಿಸಿದ್ದು. ಒಂದೇ ಊರಿನಲ್ಲಿ ಪುಣ್ಯಕಾಲ ನೋಡಿ ದಾನ ಕೊಡುವ ಲೋಕದ ದೇವಾಲಯವೂ ಇದೆ, ತೀರ್ಥವನ್ನು ಹೊರಗೆ ಹುಡುಕಬೇಡ ಅನ್ನುವ ಗುರುಪರಂಪರೆಯೂ ಇದೆ. ಎರಡೂ ನಮ್ಮದೇ.

ಹಾಗೇ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ. ದೀಪಾವಳಿ ಜಾತ್ರೆಯ ಹಾಲರವೆಯಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತಂದು ಮಾದಪ್ಪನಿಗೆ ಕೊಡುತ್ತಾರೆ. ಇಲ್ಲಿ ಭಕ್ತರು ನೀರಿಗೆ ಇಳಿಯುವುದಿಲ್ಲ, ನೀರೇ ಬೆಟ್ಟ ಹತ್ತುತ್ತದೆ. ಇದನ್ನು ಯಾವ ಕುಂಭಯೋಗದ ಲೆಕ್ಕಕ್ಕೆ ಸೇರಿಸುತ್ತೀರಿ? ಸೇರಿಸಬೇಕಾಗೂ ಇಲ್ಲ.

ಇನ್ನು ಕಪಿಲೆಯನ್ನು ಗಂಗೆಗೆ ಸಮ ಮಾಡುವ ಉತ್ಸಾಹದಲ್ಲಿ ಗುಂಡ್ಲು ಹೊಳೆಯನ್ನು ಯಾರೂ ಕೇಳುವುದಿಲ್ಲ. ಗುಂಡ್ಲುಪೇಟೆಯ ಮೂಲಕ ಹಾದು ನಂಜನಗೂಡಿನ ಬಳಿ ಕಪಿಲೆ ಸೇರುವ ಈ ಹೊಳೆಗೆ ಕೌಂಡಿನ್ಯ ಅಂತ ಪುರಾಣದ ಹೆಸರುಂಟು. ನಂಜನಗೂಡು ಸಂಗಮಕ್ಷೇತ್ರ ಆದದ್ದೇ ಇದು ಬಂದು ಸೇರಿದ್ದರಿಂದ. ಈಗ ವರ್ಷದ ಬಹುಪಾಲು ಅದರಲ್ಲಿ ನೀರಿಲ್ಲ. ಹೊಳೆ ಒಣಗಿದರೆ ಸಂಗಮ ಬರೀ ಹೆಸರಲ್ಲಿ ಉಳಿಯುತ್ತದೆ. ನನ್ನ ಪ್ರಕಾರ ಈ ಕಡೆಯ ನದೀ ಪರಂಪರೆಯ ಬಗ್ಗೆ ಬರೆಯುವವರು ಮೊದಲು ಬರೆಯಬೇಕಾದ ವಿಷಯ ಇದು.

ಭೂಮಿ ಈಗ ಎಲ್ಲದ?

ಅಜ್ಜಿಯ ಪ್ರಶ್ನೆಗೆ ಬರೋಣ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ, ಶಾಸನದಲ್ಲಿ ಅರಕೊಟ್ಟಾರ. ಅಲ್ಲಿ 1117ರಲ್ಲಿ ಬಸದಿ ಕಟ್ಟಿಸಿದ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ಶಾಸನ ನೀಲಗಿರಿಯ ಗೆಲುವಿಗೆ ಪ್ರಸಿದ್ಧ. ನಾವೆಲ್ಲ ಉದಾಹರಿಸುವುದು ಆ ಗೆಲುವನ್ನೇ. ಅದೇ ಶಾಸನ ನಷ್ಟಕ್ಕೆ ಬಿದ್ದ ವ್ಯಾಪಾರಿಗೆ, ಬಿತ್ತನೆಗೆ ಬೀಜವಿಲ್ಲದ ಒಕ್ಕಲಿಗೆ ಅವನು ಕಳೆದುಕೊಂಡದ್ದನ್ನು ಕೊಟ್ಟು ಕಾಪಾಡಿದ ಅಂತಲೂ ಹೊಗಳುತ್ತದೆ. ಆ ಮಾತನ್ನು ಯಾರೂ ಹಂಚಿಕೊಂಡದ್ದು ನಾನು ನೋಡಿಲ್ಲ.

ದೇವರ ಭೂಮಿಗಳ ಮುಂದಿನ ಕಥೆ ಮೈಸೂರಿನ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ, 1955ರಲ್ಲಿ ಇದೆ. ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರ ಹೆಸರಿಗೆ ಹೋಯಿತು. ದೇವಸ್ಥಾನಕ್ಕೆ ವರ್ಷಕ್ಕಿಷ್ಟು ಅಂತ ತಸ್ತೀಕು ಉಳಿಯಿತು. ತಲೆಮಾರುಗಳಿಂದ ಉತ್ತವನಿಗೆ ಹೊಲ ಸಿಕ್ಕಿದ್ದರಲ್ಲಿ ಕಪಿಲೆ ಕೊಂದ ಪಾಪ ನನಗೆ ಕಾಣುವುದಿಲ್ಲ. ಬಾವಿ, ಕಟ್ಟೆ, ಅರವಟ್ಟಿಗೆ, ಅನ್ನಸತ್ರಕ್ಕೆ ಬಿಟ್ಟದ್ದು ಹಾಳಾಗಿ, ಅದರ ಎಲ್ಲೆಯ ಲಿಂಗಮುದ್ರೆ ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾದಾಗ ಮಾತ್ರ ಆ ಶಾಪ ಯಾರನ್ನು ಉದ್ದೇಶಿಸಿದ್ದು ಅಂತ ಯೋಚನೆ ಬರುತ್ತದೆ. ಇದನ್ನೇ ಅಜ್ಜಿಗೆ ನನಗೆ ತಿಳಿದ ಹಾಗೆ ಹೇಳಿದೆ. "ಕೊಟ್ಟೋರು ಕೊಟ್ರು, ಕಾಯೋರಿಲ್ಲ ಅನ್ನು" ಅಂದು ಹೂವಿನ ಬುಟ್ಟಿ ಎತ್ತಿಕೊಂಡರು.

ಕೊನೆಗೆ ಓದುಗರಲ್ಲಿ ಒಂದಿಷ್ಟು ಬೇಡಿಕೆ. ಶಾಸನದ ಚಿತ್ರ ಹಂಚುವಾಗ ಊರು, ಜಾಗ, ಪ್ರಕಟವಾಗಿದ್ದರೆ ಅದರ ಸಂಖ್ಯೆ ಬರೆಯಿರಿ. ಒಂದು ಪದ ಹಿಡಿದು ಅರ್ಥ ಹೇಳಬೇಡಿ, ಪೂರ್ತಿ ಸಾಲು ಓದಿ, ಆ ಸಾಲು ಶಾಸನದ ಯಾವ ಭಾಗದ್ದು ನೋಡಿ. ಅಕ್ಷರ ಕಾಣಲಿ ಅಂತ ಬಣ್ಣ ತುಂಬಬೇಡಿ, ತಂತಿ ಬ್ರಷ್‌ನಿಂದ ಉಜ್ಜಬೇಡಿ. ಓರೆ ಬಿಸಿಲು ಸಾಕು. ಕಲ್ಲಿಗೆ ಎಣ್ಣೆ ವಿಭೂತಿ ಹಚ್ಚುವ ಹಳ್ಳಿಯವರ ಜೊತೆ ಜಗಳ ಆಡಬೇಡಿ. ಅದರಲ್ಲಿ ಏನು ಬರೆದಿದೆ ಅಂತ ಅವರಿಗೆ ಓದಿ ಹೇಳಿ, ಕಾಯುವ ಕೆಲಸ ಅವರೇ ಶುರು ಮಾಡಿಯಾರು.

ನನ್ನ ಆ ಹಳೆಯ ಟಿಪ್ಪಣಿಯನ್ನು ಅಳಿಸಿಲ್ಲ. ತಪ್ಪು ವಾಕ್ಯದ ಮೇಲೆ ಗೆರೆ ಎಳೆದು, ಕೆಳಗೆ ತಿದ್ದುಪಡಿ ಹಾಕಿದ್ದೇನೆ. ಆ ಚಿತ್ರದ ಕಲ್ಲು ನಿಮ್ಮ ಊರಿನದ್ದಾಗಿದ್ದರೆ, ದಯವಿಟ್ಟು ಒಂದು ಸಂಜೆ ಹೋಗಿ, ಮಣ್ಣಿನ ಮೇಲೆ ಕಾಣುವಷ್ಟು ಸಾಲುಗಳ ಸ್ಪಷ್ಟ ಚಿತ್ರ ತೆಗೆದು ಕಳಿಸಿ. ಅದು ಯಾರು, ಯಾರಿಗೆ, ಏನನ್ನು ಕೊಟ್ಟ ಶಾಸನ ಅಂತ ಒಟ್ಟಿಗೆ ಕೂತು ಓದೋಣ.